ಲೂಸಿ ಬೆಂಡ್ ಊರು ಎದ್ದು ಹೊರಟದ್ದು

ದೋಹಾ ನಗರದ ಅಲ್ ಮುಂತಜಾ ಬಡಾವಣೆಯ ಒಂದು ಹಳೆಯ ಗಲ್ಲಿಯಲ್ಲಿ, ಪಂಕ್ಚರ್ ಅಂಗಡಿಗೂ ಹವ್ವಮ್ಮನ ಊಟದ ಮೆಸ್ಸಿಗೂ ನಡುವೆ, ಅಬ್ದುಲ್ ಸಲಾಂ ಅವರ ಮಾಡೆಲ್ ವರ್ಕ್‌ಶಾಪ್ ಇತ್ತು. ಕಟ್ಟಬೇಕೆಂದಿರುವ ಕಟ್ಟಡಗಳ ಪುಟ್ಟ ಮಾದರಿಗಳನ್ನು ಮಾಡಿಕೊಡುವ ಕಸುಬು. ೨೦೦೬ರ ದೋಹಾದಲ್ಲಿ ಈ ಕಸುಬಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ವರ್ಷದ ಕೊನೆಗೆ ಏಷ್ಯನ್ ಗೇಮ್ಸ್. ಕಡಲ ದಂಡೆಯುದ್ದಕ್ಕೂ ಗೋಪುರಗಳು ಏಳುತ್ತಿದ್ದವು. ಅಲ್ಲಿ ಏಳುವ ಮೊದಲು ಅವೆಲ್ಲ ಸಲಾಂ ಅವರ ಮೇಜಿನ ಮೇಲೆ ಎರಡಡಿ ಎತ್ತರದಲ್ಲಿ ಒಮ್ಮೆ ಎದ್ದು ನಿಂತು ತೋರಿಸಬೇಕಿತ್ತು.

"ನಾವು ಇನ್ನೂ ಹುಟ್ಟದ ಮಕ್ಕಳ ಫೋಟೋ ತೆಗೆಯುವವರು" ಎಂದು ಸಲಾಂ ನಗುತ್ತಿದ್ದರು. ಉಳ್ಳಾಲದ ಬ್ಯಾರಿ ಮನೆತನದ ಅವರು ಕತಾರಿಗೆ ಬಂದು ಕಾಲು ಶತಮಾನವಾಗಿತ್ತು. ವರ್ಕ್‌ಶಾಪಿನ ಎಲ್ಲರಿಗೂ ಅವರು ಸಲಾಂ ಕಾಕ.

ಅಲ್ಲಿ ಡ್ರಾಯಿಂಗ್ ನೋಡಿ ಮಾದರಿಗೆ ರೂಪ ಕೊಡುವ ಕೆಲಸ ಮೂಲ್ಕಿಯ ನಿಶ್ಮಿತಾಳದ್ದು. ಮದುವೆಯಾಗಿ ದೋಹಾಕ್ಕೆ ಬಂದ ಹೊಸತರಲ್ಲಿ, ಗಂಡ ಯಜ್ಞೇಶ್ ಇನ್ಶೂರೆನ್ಸ್ ಆಫೀಸಿಗೆ ಹೋದ ಮೇಲೆ ಗೋಡೆ ನೋಡುತ್ತ ಕೂರುವುದು ಸಾಕಾಗಿ, ಒಂದು ದಿನ ತನ್ನ ಆರ್ಕಿಟೆಕ್ಚರ್ ಡಿಪ್ಲೊಮಾವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಇಲ್ಲಿಗೆ ನಡೆದು ಬಂದವಳು ಇಲ್ಲೇ ಉಳಿದಳು. ಮರದ ಕೆಲಸಕ್ಕೆ ಕಿನ್ನಿಗೋಳಿಯ ಆನ್ಸೆಲ್ಮ್ ಇದ್ದರು. ಊರ ಕಡೆ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವಂತೆ ನಿಶ್ಮಿತಾ ಅವರನ್ನು 'ಪೊರ್ಬುಲೇ' ಎನ್ನುತ್ತಿದ್ದಳು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಆ ಗಲ್ಲಿಗೆ ಥಿಯೋಡೋರ್ ಬಂದ. ಅರವತ್ತು ದಾಟಿದ ಅಮೆರಿಕನ್, ಬಿಸಿಲಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ಕುತ್ತಿಗೆ, ಒಳಚರಂಡಿ ಯೋಜನೆಯೊಂದರ ಎಂಜಿನಿಯರ್. ಮೇಜಿನ ಮೇಲಿದ್ದ ಗಾಜಿನ ಗೋಪುರಗಳ ನಡುವೆ ಬಗ್ಗಿ ಬಗ್ಗಿ ನೋಡಿ, ಕೊನೆಗೆ ಕೇಳಿದ:

"ನೀವು ಚಿಕ್ಕದು ಏನಾದರೂ ಮಾಡುತ್ತೀರಾ?"

"ಎಷ್ಟು ಚಿಕ್ಕದು, ಸರ್?" ಎಂದಳು ನಿಶ್ಮಿತಾ.

"ಎರಡು ಅಂತಸ್ತು. ಮೂರನೆಯದು ಕಟ್ಟುವಷ್ಟು ಧೈರ್ಯ ನಮ್ಮೂರಿನವರಿಗೆ ಯಾವತ್ತೂ ಬರಲಿಲ್ಲ."

ಅವನ ಊರು ಅಮೆರಿಕದ ನೆಬ್ರಾಸ್ಕದಲ್ಲಿ, ಹೊಳೆಯೊಂದು ಬಾಗುವಲ್ಲಿ ಹುಟ್ಟಿದ ಲೂಸಿ ಬೆಂಡ್. ಸೆಪ್ಟೆಂಬರಿಗೆ ಊರು ಹುಟ್ಟಿ ನೂರಿಪ್ಪತ್ತೈದು ವರ್ಷ. ಅವನ ಅಕ್ಕ ಆರ್ಡಿಸ್ ಉತ್ಸವ ಸಮಿತಿಯ ಮುಖ್ಯಸ್ಥೆ. ಹಳೆಯ ಊರಿನದೊಂದು ಮಾದರಿ ಮಾಡಿಸಿ ಕಳಿಸುತ್ತೇನೆಂದು ಇವನು ಫೋನಿನಲ್ಲಿ ಒಪ್ಪಿಕೊಂಡುಬಿಟ್ಟಿದ್ದ.

ಆನ್ಸೆಲ್ಮ್ ಉಳಿ ಕೆಳಗಿಟ್ಟು ಹತ್ತಿರ ಬಂದರು. "ಲೂಸಿ ಅಂದ್ರೆ ಯಾರು? ಅಲ್ಲಿಯ ರಾಣಿಯಾ?"

"ಹೇಸರಗತ್ತೆ" ಎಂದ ಥಿಯೋಡೋರ್. ಎನೋಕ್ ಗ್ರೂಬ್ ಎಂಬವನು ಗಾಡಿ ಕಟ್ಟಿಕೊಂಡು, ಚಿನ್ನ ಸಿಗುತ್ತದೆಂದು ಪಶ್ಚಿಮಕ್ಕೆ ಹೊರಟಿದ್ದನಂತೆ. ಹೊಳೆ ದಾಟುವಲ್ಲಿ ಅವನ ಹೇಸರಗತ್ತೆ ಲೂಸಿ ಕೆಸರಿನಲ್ಲಿ ಕುಳಿತುಬಿಟ್ಟಿತು. ಬೈದ, ಎಳೆದ, ಬೆಲ್ಲ ತೋರಿಸಿದ. ಅದು ಏಳಲಿಲ್ಲ. ಕತ್ತಲಾಗುತ್ತ ಬಂತೆಂದು ಅಲ್ಲೇ ಡೇರೆ ಹಾಕಿದ. ಮರುದಿನ ಲೂಸಿ ಎದ್ದಿತು, ಆದರೆ ಅಷ್ಟರಲ್ಲಿ ಎನೋಕನಿಗೆ ಜಾಗ ಹಿಡಿಸಿತ್ತು. ದೋಣಿ ಇಟ್ಟ, ಹೊಳೆ ದಾಟಿಸತೊಡಗಿದ. ದೋಣಿಯ ಪಕ್ಕ ಹಿಟ್ಟಿನ ಗಿರಣಿ ಬಂತು, ಗಿರಣಿಯ ಪಕ್ಕ ಅಂಗಡಿ, ಅಂಗಡಿಯ ಪಕ್ಕ ಹೋಟೆಲ್ಲು.

"ನನ್ನ ಅಕ್ಕ ಇದನ್ನು ಒಪ್ಪುವುದಿಲ್ಲ. ಲೂಸಿ ಎಂದರೆ ಎನೋಕನ ತೀರಿಹೋದ ಮೊದಲ ಹೆಂಡತಿ ಎಂದು ಸಮಿತಿಯ ಕರಪತ್ರದಲ್ಲಿ ಅಚ್ಚು ಹಾಕಿಸಿದ್ದಾಳೆ. ಅವನಿಗೆ ಇದ್ದದ್ದು ಒಬ್ಬಳೇ ಹೆಂಡತಿ. ಅವಳ ಹೆಸರು ಹಾನ್ನಾ."

"ಮರ್ಯಾದೆ ಪ್ರಶ್ನೆ ಅಲ್ವಾ" ಎಂದರು ಸಲಾಂ ಕಾಕ. ಆರ್ಡರ್ ತಗೊಂಡದ್ದು ಅವರೇ. ಕೈತುಂಬ ಗೋಪುರಗಳಿದ್ದರೂ, ಈ ಊರು ಮಾತ್ರ ಬೇರೆ ಎಲ್ಲಿಗೂ ಹೋಗಬಾರದು ಎನ್ನಿಸಿತ್ತು ಅವರಿಗೆ.

ಆದರೆ ಎರಡನೇ ದಿನವೇ ಒಂದು ತೊಡಕು ಎದುರಾಯಿತು. ಯಾವ ಲೂಸಿ ಬೆಂಡ್?

ಆ ಕತೆಯನ್ನು ಥಿಯೋಡೋರ್ ಹೇಳಿದ್ದು ಪಕ್ಕದ ಮೆಸ್ಸಿನಲ್ಲಿ, ಕುಚ್ಚಲಕ್ಕಿ ಅನ್ನ ಬಂಗುಡೆ ಸಾರಿನ ಎದುರು ಕುಳಿತು. ಮೆಸ್ಸು ನಡೆಸುವ ಹವ್ವಮ್ಮ ಸೌಟು ಹಿಡಿದು ನಿಂತೇ ಕೇಳಿದರು. ನಿಶ್ಮಿತಾ ಇಂಗ್ಲಿಷನ್ನು ಕನ್ನಡ ಮಾಡಿ ಹೇಳುತ್ತಿದ್ದಳು.

ಊರು ಹುಟ್ಟಿ ಆರು ವರ್ಷಕ್ಕೆ ರೈಲು ಬಂತು. ಹೊಳೆಯ ಹತ್ತಿರ ಬರಲಿಲ್ಲ, ನಾಲ್ಕು ಮೈಲಿ ಉತ್ತರಕ್ಕೆ ಬಂತು. ಊರಿನ ಹಿರಿಯರು ಹೋಗಿ ಕಂಪೆನಿಯವರ ಕೈಕಾಲು ಹಿಡಿದರು. ಹಳಿ ಬಗ್ಗಲಿಲ್ಲ. ರೈಲಿಲ್ಲದ ಊರು ಸತ್ತ ಹಾಗೆಯೇ ಎಂದು ಎಲ್ಲರಿಗೂ ಗೊತ್ತಿತ್ತು. ಆಗ ಶಾಲೆಯಲ್ಲಿ ಸಭೆ ಸೇರಿ, ರೈಲು ನಮ್ಮ ಹತ್ತಿರ ಬರದಿದ್ದರೆ ನಾವೇ ಅದರ ಹತ್ತಿರ ಹೋಗುವುದು ಎಂದು ತೀರ್ಮಾನಿಸಿದರು.

"ಹೋಗುವುದು ಅಂದ್ರೆ?" ಎಂದರು ಹವ್ವಮ್ಮ.

"ಮನೆಗಳನ್ನು ಎತ್ತಿಕೊಂಡು" ಎಂದ ಥಿಯೋಡೋರ್. "ಎಲ್ಲ ಮರದ ಮನೆಗಳು. ಚಳಿಗಾಲ, ಹಿಮ ಬಿದ್ದು ನೆಲ ಕಲ್ಲಿನಂತಾಗಿತ್ತು. ಮನೆಯ ಬುಡಕ್ಕೆ ತೊಲೆ ಕೊಟ್ಟು ಎತ್ತಿ, ಕೆಳಗೆ ಉರುಳುವ ದಿಮ್ಮಿ ಹಾಕಿ, ಕುದುರೆ ಕಟ್ಟಿ ಎಳೆದರು. ಶಾಲೆಯನ್ನು ಎಳೆಯುವಾಗ ಒಳಗೆ ಪಾಠ ನಡೆಯುತ್ತಿತ್ತು. ಹೋಟೆಲ್ಲನ್ನು ಎಳೆಯಲು ಬಹಳ ದಿನ ಹಿಡಿಯಿತು. ಆದರೆ ಅಲ್ಲಿಯ ಅಡುಗೆಯವಳು ಶ್ರೀಮತಿ ಓಲ್ಸನ್ ಒಂದು ಹೊತ್ತಿನ ಊಟವನ್ನೂ ತಪ್ಪಿಸಲಿಲ್ಲ. ಹೋಟೆಲ್ಲು ಹೋಗುತ್ತಿರುವಾಗಲೇ ಜನ ಮೆಟ್ಟಿಲು ಹಾರಿ ಒಳಗೆ ಹೋಗಿ ಉಂಡು ಬರುತ್ತಿದ್ದರು."

ನಿಶ್ಮಿತಾ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಹವ್ವಮ್ಮ ಸೌಟು ಕೆಳಗಿಟ್ಟಿದ್ದರು.

"ಒಲೆ ಆರಿಸ್ಲೇ ಇಲ್ವಾ ಅವಳು?"

"ಇಲ್ಲವಂತೆ ಹವ್ವಕ್ಕ."

"ಹೆಂಗಸು ಅಂದ್ರೆ ಅವಳು! ಎಂತ ಮಾಡಿ ಬಡಿಸಿದ್ಳಂತೆ, ಕೇಳು."

ಬಟಾಣಿ ಸೂಪು ಎಂದ ಥಿಯೋಡೋರ್. ಹವ್ವಮ್ಮ ಆ ಜನರ ಬಗ್ಗೆ ಮರುಕಪಟ್ಟು, ಅವನ ತಟ್ಟೆಗೆ ಇನ್ನೊಂದು ಬಂಗುಡೆ ಹಾಕಿದರು.

ಹೀಗೆ ಊರಿಗೆ ಎರಡು ಜಾಗ. ಹೊಳೆಬದಿಯ ಜಾಗವನ್ನೇ ಮಾಡಬೇಕು, ಅಲ್ಲೇ ಅಲ್ಲವೇ ಊರು ಹುಟ್ಟಿದ್ದು ಎಂಬುದು ಥಿಯೋಡೋರನ ವಾದ. ಅಲ್ಲಿ ಈಗ ಇರುವುದು ಜೊಂಡು ಮತ್ತು ಕಪ್ಪೆ, ರೈಲಿನ ಪಕ್ಕದ ಊರೇ ನಿಜವಾದ ಊರು ಎಂದು ಆರ್ಡಿಸ್ ಫೋನಿನಲ್ಲಿ ಗುಡುಗುತ್ತಿದ್ದಳು. ಅವಳ ದನಿ ಥಿಯೋಡೋರನ ಕಿವಿ ದಾಟಿ ಇಡೀ ವರ್ಕ್‌ಶಾಪಿಗೆ ಕೇಳಿಸುತ್ತಿತ್ತು.

"ಜಾಗ ಅವರು ಜಗಳ ಮಾಡಿ ತೀರ್ಮಾನಿಸ್ಲಿ" ಎಂದಳು ನಿಶ್ಮಿತಾ. "ಮನೆಗಳಂತೂ ಎರಡೂ ಕಡೆ ಅವೇ ಅಲ್ವಾ? ನಾವು ಮನೆ ಮಾಡುವ."

ಹಾಗೆ ಕೆಲಸ ಶುರುವಾಯಿತು. ಥಿಯೋಡೋರ್ ವಾರಕ್ಕೆರಡು ಬಾರಿ ಬಂದು ಕುಳಿತು, ಅಕ್ಕ ಕಳಿಸಿದ ಹಳೆಯ ಫೋಟೋಗಳನ್ನು ತೋರಿಸುತ್ತ ಒಂದೊಂದು ಮನೆಯ ಸುದ್ದಿ ಹೇಳುತ್ತಿದ್ದ. ಈ ವರಾಂಡದ ಮನೆಯವನು ರಾತ್ರಿ ನಿದ್ರೆಯಲ್ಲಿ ನಡೆಯುತ್ತಿದ್ದ, ಊರು ಸ್ಥಳಾಂತರವಾದ ಮೇಲೂ ಹಳೆಯ ಅಭ್ಯಾಸದಲ್ಲಿ ಹೊಳೆಯ ಕಡೆಗೇ ಹೋಗುತ್ತಿದ್ದ. ಈ ಚರ್ಚು ನಡುದಾರಿಯಲ್ಲಿ ಕಂದಕಕ್ಕೆ ಸಿಕ್ಕಿಕೊಂಡು ಹಿಮ ಕರಗುವವರೆಗೆ ಏಳಲೇ ಇಲ್ಲ. ಆ ಚಳಿಗಾಲವೆಲ್ಲ ಪಾದ್ರಿ ಬಯಲಿನ ನಡುವೆಯೇ ಪ್ರಾರ್ಥನೆ ನಡೆಸಿದ.

ರೈಲಿನ ಪಕ್ಕಕ್ಕೆ ಬಂದ ಮೇಲೆ ಊರು ಬೆಳೆದ ಪರಿಯನ್ನೂ ಅವನೇ ಹೇಳಿದ. ಮೊದಲು ಗೋಧಿಯ ಕಣಜಗಳು ಬಂದವು. ಆಮೇಲೆ ಸಕ್ಕರೆ ಗೆಡ್ಡೆಯ ಕಾರ್ಖಾನೆ. ಅದರ ಹಿಂದೆಯೇ ಕೆಲಸ ಹುಡುಕಿಕೊಂಡು ರಷ್ಯಾದ ಕಡೆಯ ಜರ್ಮನರು ಮೂಟೆ ಹೊತ್ತು ಬಂದಿಳಿದರು. ಬ್ಯಾಂಕು ಬಂತು, ಸಿನಿಮಾ ಟಾಕೀಸು ಬಂತು. ಒಂದು ಕಾಲಕ್ಕೆ ಊರಿನಲ್ಲಿ ಮೂರು ಕ್ಷೌರದಂಗಡಿಗಳಿದ್ದವು. ಆಮೇಲೆ ದೊಡ್ಡ ಹೆದ್ದಾರಿ ಊರನ್ನು ದೂರದಿಂದಲೇ ಬಳಸಿಕೊಂಡು ಹೋಯಿತು. ಈ ಸಲ ಎತ್ತಿಕೊಂಡು ಹೋಗೋಣವೆಂದರೆ ಮನೆಗಳೆಲ್ಲ ಇಟ್ಟಿಗೆಯವಾಗಿದ್ದವು. ಕಾರ್ಖಾನೆ ಮುಚ್ಚಿತು, ಟಾಕೀಸಿಗೆ ಬೀಗ ಬಿತ್ತು.

"ಈಗ ಹೇಗುಂಟು ಸರ್?" ಎಂದು ನಿಶ್ಮಿತಾ ಕೇಳಿದಳು.

ಅವನು ಕೈಯಲ್ಲಿದ್ದ ಪುಟ್ಟ ಅಂಗಡಿಯನ್ನು ತಿರುಗಿಸಿ ನೋಡಿದ. "ಗೊತ್ತಿಲ್ಲ. ಅಮ್ಮ ತೀರಿಕೊಂಡಾಗ ಹೋದದ್ದೇ ಕೊನೆ. ಅರ್ಧ ಬೀದಿಯ ಬಾಗಿಲುಗಳಿಗೆ ಹಲಗೆ ಹೊಡೆದು ಮುಚ್ಚಿದ್ದರು. ಆಮೇಲೆ ರಜೆ ಸಿಕ್ಕಿದರೆ ಬೇರೆಲ್ಲಿಗಾದರೂ ಹೋಗುತ್ತೇನೆ. ಆರ್ಡಿಸ್ ಹೇಳುವುದಿದ್ದರೂ ನಾನು ಕೇಳುವುದಿಲ್ಲ. ನನ್ನ ತಲೆಯೊಳಗಿನ ಊರು ಚೆನ್ನಾಗಿದೆ. ಅದನ್ನೇಕೆ ಕೆಡಿಸಿಕೊಳ್ಳಲಿ?"

"ಹಾಗಾದ್ರೆ ಉತ್ಸವಕ್ಕೆ?"

"ಇದು ಹೋಗುತ್ತದೆ. ನಾನು ಇಲ್ಲೇ ಇರುತ್ತೇನೆ."

ಮೇ ತಿಂಗಳಲ್ಲಿ ಗಲ್ಲಿಗೆ ನೋಟೀಸು ಬಂತು. ರಸ್ತೆ ಅಗಲವಾಗಲಿಕ್ಕಿದೆ, ಸಾಲಿನ ಕಟ್ಟಡಗಳೆಲ್ಲ ನೆಲಸಮ. ಆ ವರ್ಷ ದೋಹಾದಲ್ಲಿ ಇದು ದಿನನಿತ್ಯದ ಸುದ್ದಿ, ಆದ್ದರಿಂದ ಯಾರೂ ಎದೆ ಬಡಿದುಕೊಳ್ಳಲಿಲ್ಲ. ಸಲಾಂ ಕಾಕ ಬಿನ್ ಒಮ್ರಾನ್ ಎಂಬ ಇನ್ನೊಂದು ಬಡಾವಣೆಯಲ್ಲಿ ಒತ್ತಾಗಿ ಎರಡು ಮಳಿಗೆ ಹುಡುಕಿದರು, ಒಂದು ತಮಗೆ, ಇನ್ನೊಂದು ಹವ್ವಮ್ಮನಿಗೆ. ಜೂನ್ ತಿಂಗಳ ಒಂದು ಶುಕ್ರವಾರ ಸಾಮಾನು ಸಾಗಿಸುವುದೆಂದಾಯಿತು.

"ಶುಕ್ರವಾರ ಮೆಸ್ಸಿಗೆ ರಜೆ ಅಂತ ಬೋರ್ಡ್ ಹಾಕು" ಎಂದರು ಹವ್ವಮ್ಮನ ಗಂಡ ಅಬ್ಬಾಸ್.

"ಎಂತಕ್ಕೆ?"

"ಎಂತಕ್ಕೆ ಅಂದ್ರೆ? ಒಲೆಯೇ ಲಾರಿಯಲ್ಲಿರ್ತದೆ ಮಾರಾಯ್ತಿ!"

"ಒಲೆ ಲಾರಿಯಲ್ಲಿದ್ರೆ ಹುಡುಗರ ಹೊಟ್ಟೆ ಎಲ್ಲಿರ್ತದೆ? ವಾರಕ್ಕೊಂದು ದಿನ ಅವರು ಸರಿಯಾಗಿ ಕೂತು ಉಣ್ಣುದು. ಆ ಬಟಾಣಿ ಸೂಪಿನವಳು ನಿಲ್ಲಿಸ್ಲಿಲ್ಲ, ನಾನು ಬಿರಿಯಾನಿಯವಳು ನಿಲ್ಲಿಸ್ತೇನಾ?"

ಅಬ್ಬಾಸ್ ನಿಶ್ಮಿತಾಳ ಕಡೆ ತಿರುಗಿ, "ಇಂಥ ಕತೆ ಎಲ್ಲ ಇವಳಿಗೆ ಯಾಕೆ ಹೇಳುದು ನೀವು?" ಎಂದು ಗೊಣಗಿದರು.

ಶುಕ್ರವಾರ ಬೆಳಿಗ್ಗೆಯೇ ಹವ್ವಮ್ಮ ಅಡುಗೆ ಮುಗಿಸಿದರು. ಬಿರಿಯಾನಿಯ ಎರಡು ದೊಡ್ಡ ತಪಲೆಗಳನ್ನು ಕಂಬಳಿಯಲ್ಲಿ ಸುತ್ತಿ ಅಬ್ಬಾಸರ ಪಿಕಪ್ಪಿನ ಹಿಂದೆ ಹಗ್ಗ ಬಿಗಿದು ಕೂರಿಸಲಾಯಿತು. ಉಪ್ಪಿನಕಾಯಿಯ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಹವ್ವಮ್ಮ ತಪಲೆಗಳ ನಡುವೆ ಸ್ಟೂಲಿನಲ್ಲಿ ಕುಳಿತರು. ಜುಮಾ ನಮಾಜು ಮುಗಿಸಿ ಗಲ್ಲಿಗೆ ಬಂದ ಗಿರಾಕಿಗಳಿಗೆ ಕಂಡದ್ದು ಬಾಗಿಲು ಕಿತ್ತ ಮೆಸ್ಸು ಮತ್ತು ಅದರ ಎದುರು ಎಂಜಿನ್ ಚಾಲೂ ಇದ್ದ ಪಿಕಪ್ಪು.

"ತಟ್ಟೆ ತಗೊಳ್ಳಿ!" ಎಂದರು ಹವ್ವಮ್ಮ.

ಬಡಿಸುತ್ತಿರುವಾಗಲೇ ಟ್ರಾಫಿಕ್ ಪೊಲೀಸನೊಬ್ಬ ಬಂದು, ಸಾಮಾನಿನ ಲಾರಿಗಳು, ಊಟದ ಜನ, ಎಲ್ಲ ಸೇರಿ ಗಲ್ಲಿ ಕಟ್ಟಿಕೊಂಡಿದ್ದನ್ನು ನೋಡಿ ಕೈಬೀಸಿದ. "ಯಲ್ಲಾ, ಯಲ್ಲಾ! ಹೊರಡಿ! ಇಲ್ಲಿ ನಿಲ್ಲುವಂತಿಲ್ಲ."

"ಐದು ಮಿನಿಟ್ ಸಾಬ್, ಖಲಾಸ್" ಎಂದರು ಅಬ್ಬಾಸ್.

"ನಿಲ್ಲುವಂತಿಲ್ಲ!"

ಅಬ್ಬಾಸ್ ನಿಲ್ಲಲಿಲ್ಲ. ಗೇರ್ ಹಾಕಿ ನಡಿಗೆಯ ವೇಗದಲ್ಲಿ ಗಾಡಿ ಬಿಟ್ಟರು. ಹವ್ವಮ್ಮನೂ ಸೌಟು ನಿಲ್ಲಿಸಲಿಲ್ಲ. ಪೇಂಟರುಗಳು, ಟ್ಯಾಕ್ಸಿಯವರು, ಪಂಕ್ಚರ್ ಅಂಗಡಿಯ ಮಲಯಾಳಿ, ಎಲ್ಲರೂ ತಟ್ಟೆ ಹಿಡಿದು ಪಿಕಪ್ಪಿನ ಹಿಂದೆ ಗಲ್ಲಿಯುದ್ದಕ್ಕೂ ನಡೆದರು. ಬಿಸಿಲು ನೆತ್ತಿ ಸುಡುತ್ತಿತ್ತು. ಯಾರೋ ಮೊಸರು ಕೇಳಿದರು. ಅದು ಮುಂದಿನ ಲಾರಿಯಲ್ಲಿದೆ ಎಂದು ತಿಳಿದು ಇಬ್ಬರು ಮುಂದಕ್ಕೆ ಓಡಿದರು. ಪೊಲೀಸನಿಗೆ ಇದಕ್ಕೆ ಯಾವ ಕಾನೂನು ಹಾಕಬೇಕೆಂದು ತಿಳಿಯದೆ, ಸ್ವಲ್ಪ ದೂರ ಅವನೂ ಜೊತೆಗೆ ನಡೆದ. ಗಲ್ಲಿ ದಾಟುವಾಗ ಅವನ ಕೈಯಲ್ಲೊಂದು ಪೊಟ್ಟಣ ಇತ್ತು.

ಆ ಸಾಲಿನ ಕೊನೆಯಲ್ಲಿ ಥಿಯೋಡೋರ್. ತನ್ನ ಮಾದರಿಯ ಮನೆಗಳಿಗೆ ಏನಾದರೂ ಆದೀತೆಂದು ನೋಡಲು ಬಂದವನ ಕೈಗೆ ಯಾರೋ ತಟ್ಟೆ ಕೊಟ್ಟಿದ್ದರು. ಅವನು ನಡೆಯುತ್ತಿದ್ದ, ಉಣ್ಣುತ್ತಿದ್ದ, ನಗುತ್ತಿದ್ದ. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂದದ್ದು ನಿಶ್ಮಿತಾಳಿಗೆ ಕಂಡಿತು.

"ಚಿಕ್ಕಂದಿನಿಂದ ಈ ಕತೆ ಹೇಳಿಕೊಂಡು ಬಂದಿದ್ದೇನೆ" ಎಂದ ಅವನು. "ನಿಜವಾಗಿ ನಡೆದಿರಬಹುದು ಎಂದು ಇವತ್ತೇ ಅನ್ನಿಸಿದ್ದು."

ದಾರಿಯಲ್ಲಿ ಖಾಲಿ ಸೈಟೊಂದರ ಬಳಿ ನಿಂತು ಇನ್ನೊಂದು ಪಂಕ್ತಿ ಬಡಿಸಿ, ಬಿನ್ ಒಮ್ರಾನಿಗೆ ಮುಟ್ಟುವಾಗ ತಪಲೆಗಳ ತಳ ಕಾಣುತ್ತಿತ್ತು.

ಮರುದಿನ ನಿಶ್ಮಿತಾ ಹೊಸ ವರ್ಕ್‌ಶಾಪಿನಲ್ಲಿ ಇನ್ನೂ ಬಿಚ್ಚದ ಪೆಟ್ಟಿಗೆಗಳ ಮಧ್ಯೆ ಕುಳಿತು, ಪ್ಯಾಕಿಂಗ್ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಏನೋ ಗೀಚುತ್ತಿದ್ದಳು. ಸಲಾಂ ಕಾಕ ಒಳಗೆ ಬಂದ ಕೂಡಲೇ ಅದನ್ನು ಎತ್ತಿ ತೋರಿಸಿದಳು.

"ಕಾಕ, ಊರು ಇಲ್ಲಿಯಾ ಅಲ್ಲಿಯಾ ಅಂತ ಜಗಳ ಯಾಕೆ? ನಡುವಿನ ದಾರಿಯನ್ನೇ ಮಾಡುವ. ಈ ತುದಿಗೆ ಹೊಳೆ, ಆ ತುದಿಗೆ ರೈಲು. ಮನೆಗಳನ್ನು ಅಂಟಿಸುದೇ ಬೇಡ. ಬುಡಕ್ಕೆ ಉರುಳೆ, ಎದುರಿಗೆ ದಾರ. ಬಂದವರೇ ತಮ್ಮ ಮನೆ ಎಳ್ಕೊಂಡು ಹೋಗ್ಲಿ."

ಸಲಾಂ ಕಾಕ ಬಹಳ ಹೊತ್ತು ನೋಡಿದರು. "ಇಷ್ಟು ವರ್ಷ ನಾನು ಕಟ್ಟಡ ಅಲ್ಲಾಡದ ಹಾಗೆ ಮಾಡ್ಲಿಕ್ಕೆ ಕಲಿಸಿದ್ದಲ್ವಾ ನಿನಗೆ?"

"ಹೌದು."

"ಕಟ್ಟಡ ಅಂದ್ರೆ ನಿಲ್ಬೇಕು ಮಗಳೇ."

"ಇದು ನಿಲ್ಲದ್ದಕ್ಕೇ ಉಳಿದದ್ದು ಕಾಕ."

ಆನ್ಸೆಲ್ಮ್ ಆಗಲೇ ಉರುಳೆ ಯಾವುದರಲ್ಲಿ ಮಾಡುವುದೆಂದು ಯೋಚಿಸತೊಡಗಿದ್ದರು. ಬೀದಿಯ ಆಚೆಯ ಕಬಾಬ್ ಅಂಗಡಿಯಿಂದ ಬಿದಿರಿನ ಕಡ್ಡಿಗಳ ಒಂದು ಕಟ್ಟು ತಂದು, ಕತ್ತರಿಸಿ, ಒಂದು ಮನೆಯನ್ನು ಅದರ ಮೇಲಿಟ್ಟು ದಾರ ಎಳೆದರು. ಮನೆ ಗಡಗಡ ಎಂದು ಹೊರಟಿತು. ಸಲಾಂ ಕಾಕ ದಾರವನ್ನು ಅವರ ಕೈಯಿಂದ ತೆಗೆದುಕೊಂಡು ತಾವೇ ಇನ್ನೊಮ್ಮೆ ಎಳೆದರು.

ಥಿಯೋಡೋರ್ ಸುದ್ದಿ ಹೇಳಿದಾಗ ಆರ್ಡಿಸ್ ಮೊದಲ ಬಾರಿಗೆ ಫೋನಿನಲ್ಲಿ ದನಿ ತಗ್ಗಿಸಿದಳು.

"ಅಂದರೆ ನಾವಿಬ್ಬರೂ ಸರಿ ಎಂದಾ?" ಎಂದಳು.

"ಇಬ್ಬರೂ ತಪ್ಪು ಎಂದು ಬೇಕಾದರೂ ತಿಳಿದುಕೋ."

"ಹೇಸರಗತ್ತೆ ಮಾಡಿಸಬೇಡ" ಎಂದು ಅವಳು ಫೋನ್ ಇಟ್ಟಳು.

ಅಡಿಹಲಗೆಯನ್ನು ಲೂಸಿ ಬೆಂಡಿನ ಹೈಸ್ಕೂಲಿನ ಮರಗೆಲಸದ ತರಗತಿಯವರು ನಿಶ್ಮಿತಾಳ ಡ್ರಾಯಿಂಗ್ ನೋಡಿ ಮಾಡುವುದೆಂದಾಯಿತು. ಹಿಮದ ಹೊದಿಕೆ ಮಾತ್ರ ದೋಹಾದಲ್ಲೇ ಆಗಬೇಕು. ಆ ವರ್ಕ್‌ಶಾಪಿನಲ್ಲಿ ಹಿಮ ಕಂಡವರು ಒಬ್ಬರೂ ಇರಲಿಲ್ಲ. ಆನ್ಸೆಲ್ಮ್ ರವೆ ಎಂದರು. ರವೆಗೆ ಹುಳ ಬೀಳುತ್ತದೆ ಎಂದು ಹವ್ವಮ್ಮ ಪಕ್ಕದ ಮಳಿಗೆಯಿಂದಲೇ ಕೂಗಿದರು. ಉಪ್ಪು ಇಟ್ಟು ನೋಡಿದರು, ಕಡಲ ಗಾಳಿಯ ತೇವಕ್ಕೆ ಗಂಟು ಕಟ್ಟಿತು. ಕೊನೆಗೆ ಅಮೃತಶಿಲೆಯ ಪುಡಿಯನ್ನು ಗೋಂದಿನಲ್ಲಿ ಕಲಸಿ ಬಟ್ಟೆಯ ಮೇಲೆ ಹರಡಿದಾಗ ಥಿಯೋಡೋರ್ ಬೆರಳಾಡಿಸಿ, "ಚಳಿ ಒಂದು ಇಲ್ಲ, ಉಳಿದದ್ದೆಲ್ಲ ಸರಿಯಾಗಿದೆ" ಎಂದ. ಚರ್ಚಿನ ಅಡಿಯಲ್ಲಿ ನಿಶ್ಮಿತಾ ಒಂದು ಕಬ್ಬಿಣದ ಬೋಲ್ಟು ಅಡಗಿಸಿದಳು. ಎಷ್ಟೇ ಎಳೆದರೂ ಅದು ನಡುವಿನ ಕಂದಕದಲ್ಲಿ ಸಿಕ್ಕಿಬೀಳಬೇಕು.

ಆಗಸ್ಟ್ ಕೊನೆಗೆ ಎಲ್ಲ ಸಿದ್ಧವಾಯಿತು. ಥಿಯೋಡೋರ್ ಕಾರ್ಗೋ ಕಂಪೆನಿಯ ಫೋನ್ ನಂಬರು ಹಿಡಿದುಕೊಂಡು ಬಂದ.

"ಕಾರ್ಗೋದಲ್ಲಾ?" ಎಂದರು ಸಲಾಂ ಕಾಕ. "ಅಂಟಿಸದ ಮನೆಗಳು ಸರ್. ಅಲ್ಲಿಗೆ ಮುಟ್ಟುವಾಗ ಚಟ್ನಿ. ಕೈಯಲ್ಲೇ ತಗೊಂಡು ಹೋಗ್ಬೇಕು. ಯಾರಾದ್ರೂ ಹೋಗ್ಬೇಕು."

ಎಲ್ಲರೂ ಅವನ ಮುಖ ನೋಡಿದರು. ಅವನು ಕಿಟಕಿಯ ಕಡೆ ನೋಡಿದ.

"ನಾನು ಹೇಳಿದ್ದೆನಲ್ಲ" ಎಂದ ನಿಶ್ಮಿತಾಳಿಗೆ. "ನನಗೆ ಅದನ್ನು ನೋಡುವುದು ಬೇಡ."

"ನೋಡದಿದ್ರೆ ಅದು ಬದಲಾಗುದಿಲ್ವಾ ಸರ್?"

ಅವನು ಎದುರಿಗಿದ್ದ ಹೋಟೆಲ್ಲಿನ ಮಾದರಿಯನ್ನು ಎತ್ತಿ ಅದರ ಪುಟ್ಟ ಬಾಗಿಲನ್ನು ಉಗುರಿನಿಂದ ತೆರೆದ, ಮುಚ್ಚಿದ. ಎರಡು ದಿನ ಪತ್ತೆಯಿರಲಿಲ್ಲ. ಮೂರನೇ ದಿನ ಎರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಬಂದು, "ಬಟ್ಟೆ ಕಡಿಮೆ ಹಾಕಿದ್ದೇನೆ, ಜಾಗ ಇದೆ" ಎಂದ.

ಅವನ ಬನಿಯನ್, ಟವೆಲ್ಲುಗಳಲ್ಲಿ ಸುತ್ತಿ ಇಡೀ ಊರನ್ನು ತುಂಬಿಸಿದರು. ಷಿಕಾಗೋದ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವಳು ಪೆಟ್ಟಿಗೆ ತೆರೆಸಿ ಒಂದು ಬನಿಯನ್ ಬಿಚ್ಚಿದಳಂತೆ, ಒಳಗೆ ಅಂಚೆ ಕಚೇರಿ. ಇನ್ನೊಂದರಲ್ಲಿ ಕಮ್ಮಾರಸಾಲೆ. "ಏನಿದು?" ಎಂದಳು. "ನನ್ನ ಊರು" ಎಂದ. ಅವಳು ಮೇಲಧಿಕಾರಿಯನ್ನು ಕರೆದಳು. ಅವನೂ ನಾಲ್ಕು ಮನೆ ಬಿಚ್ಚಿ ನೋಡಿ, ಊರು ತರಬಾರದೆಂದು ಎಲ್ಲಿಯೂ ಬರೆದಿಲ್ಲ ಎಂದು ಬಿಟ್ಟನಂತೆ. ಈ ಸಮಾಚಾರವನ್ನು ಥಿಯೋಡೋರ್ ಫೋನಿನಲ್ಲಿ ಹೇಳುವಾಗ ಅವನ ದನಿ ಹಗುರಾಗಿತ್ತು.

ಉತ್ಸವದ ದಿನ ಅಲ್ಲಿಯ ಮಧ್ಯಾಹ್ನಕ್ಕೆ ದೋಹಾದಲ್ಲಿ ರಾತ್ರಿ ಊಟದ ಸಮಯ. ನಿಶ್ಮಿತಾ, ಯಜ್ಞೇಶ್, ಆನ್ಸೆಲ್ಮ್, ಸಲಾಂ ಕಾಕ, ಹವ್ವಮ್ಮ, ಎಲ್ಲರೂ ಹೊಸ ಮೆಸ್ಸಿನ ಮೇಜಿನ ಸುತ್ತ ಕುಳಿತಿದ್ದರು. ನಡುವೆ ಸ್ಪೀಕರ್ ಹಾಕಿದ ಮೊಬೈಲು.

ಮೊದಲು ಕೇಳಿಸಿದ್ದು ಬರೀ ಗದ್ದಲ.

"ಎಂತ ಗಲಾಟೆ ಅದು? ಬಿದ್ದು ಹೋಯ್ತಾ?" ಎಂದರು ಆನ್ಸೆಲ್ಮ್.

"ಇಲ್ಲ, ಇಲ್ಲ" ಎಂದ ಥಿಯೋಡೋರ್, ಗಂಟಲು ಏರಿಸಿ. "ಸೂಟ್‌ಕೇಸಿನಲ್ಲಿ ಮನೆಗಳೆಲ್ಲ ಅದಲು ಬದಲಾಗಿದ್ದವು. ಯಾವುದು ಎಲ್ಲಿ ಎಂದು ಜನರನ್ನೇ ಕೇಳಿದೆ. ಅದೇ ತಪ್ಪಾದದ್ದು!"

ಒಬ್ಬ ಮುದುಕ ತನ್ನ ಅಜ್ಜನ ಮನೆ ಕಮ್ಮಾರಸಾಲೆಯ ಬಲಕ್ಕಿತ್ತು ಎನ್ನುತ್ತಿದ್ದ. ಒಬ್ಬಳು ಎಡಕ್ಕೆ ಎನ್ನುತ್ತಿದ್ದಳು. ಎಡಕ್ಕಿದ್ದದ್ದು ಹಂದಿಯ ದೊಡ್ಡಿ ಎಂದು ಮೂರನೆಯವನು. ಆರ್ಡಿಸ್ ಮೈಕು ಹಿಡಿದು ಎಲ್ಲರನ್ನೂ ಗದರಿಸುತ್ತಿದ್ದಳು. ಕೊನೆಗೆ ಒಂದು ಹುಯ್ಯಲು ಎದ್ದಿತು, ಮನೆಗಳು ಹೊರಟವು. ಬಿದಿರು ಕಡ್ಡಿಗಳ ಗಡಗಡ ಅಷ್ಟು ದೂರದಿಂದಲೂ ಕೇಳಿಸಿತು. ಆಮೇಲೆ "ಓ…" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಚರ್ಚು ಕಂದಕಕ್ಕೆ ಸಿಕ್ಕಿತ್ತು. ಕೂಗು ಹೋಗಿ ನಗೆಯಾಯಿತು, ನಗೆ ಹೋಗಿ ಚಪ್ಪಾಳೆಯಾಯಿತು. ನಿಶ್ಮಿತಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅವಳು ಮಾಡಿದ ಯಾವ ಗೋಪುರಕ್ಕೂ ಯಾರೂ ಹೀಗೆ ಕೂಗಿರಲಿಲ್ಲ.

ಆ ಗದ್ದಲ ತಗ್ಗಿದ ಮೇಲೆ ಒಬ್ಬ ಹೆಂಗಸಿನ ದನಿ ಕೇಳಿತು, ಬೇರೆ ಯಾವುದೋ ದೇಶದ ಉಚ್ಚಾರದ ಇಂಗ್ಲಿಷು. "ಚೆನ್ನಾಗಿದೆ. ಆದರೆ ನಮ್ಮ ಮನೆ ಎಲ್ಲಿದೆ?"

ಅಷ್ಟರಲ್ಲೇ ಲೈನ್ ಕಡಿಯಿತು.

ಉಳಿದದ್ದನ್ನು ಥಿಯೋಡೋರ್ ಮರುದಿನ ಹೇಳಿದ. ಆಕೆ ಇಫ್ರಾ, ಸೊಮಾಲಿಯಾದಿಂದ ಬಂದವಳು. ಹತ್ತು ವರ್ಷದ ಹಿಂದೆ ಊರ ಹೊರಗೆ ಮಾಂಸ ಪ್ಯಾಕ್ ಮಾಡುವ ಕಾರ್ಖಾನೆ ಬಂದಿತ್ತು. ಅದರ ಹಿಂದೆ ಮೆಕ್ಸಿಕೋದವರು, ಸೊಮಾಲಿಯಾದವರು, ಯಾರು ಯಾರೋ ಬಂದಿದ್ದರು. ಹಲಗೆ ಹೊಡೆದ ಟಾಕೀಸಿನಲ್ಲಿ ಈಗ ಮೆಕ್ಸಿಕೋದವರ ಬೇಕರಿ. ಹಳೆಯ ಬ್ಯಾಂಕಿನಲ್ಲಿ ಮಸೀದಿ. ಶಾಲೆಗೆ ಹೊಸ ಕೋಣೆಗಳನ್ನು ಕಟ್ಟುತ್ತಿದ್ದರು, ಮಕ್ಕಳು ಹೆಚ್ಚಾದ್ದರಿಂದ.

"ಆರ್ಡಿಸ್ ಇದನ್ನೆಲ್ಲ ಹೇಳಲು ಎಷ್ಟು ಸಲ ನೋಡಿದ್ದಳೋ, ನಾನೇ ಮಾತು ತಪ್ಪಿಸುತ್ತಿದ್ದೆ" ಎಂದ. "ನಿನ್ನೆ ಬೇಕರಿಗೆ ಹೋಗಿದ್ದೆ. ಹುಡುಗನಾಗಿದ್ದಾಗ ನಾನು ಕೂರುತ್ತಿದ್ದ ಸಾಲಿನಲ್ಲಿ ಈಗ ಒಲೆ ಇದೆ. ಅಲ್ಲೇ ನಿಂತುಕೊಂಡು ಬನ್ ತಿಂದೆ. ಬೇಸರವಾಗುತ್ತದೆಂದು ಕಾದೆ. ಆಗಲಿಲ್ಲ."

ಅಷ್ಟರಲ್ಲಿ ಅವನ ಕೈಯಿಂದ ಯಾರೋ ಫೋನ್ ಕಿತ್ತುಕೊಂಡರು. "ನಿಶ್ಮಿತಾ ಎಂದರೆ ನೀವೇ ಏನು? ನಾನು ಆರ್ಡಿಸ್. ನಿಮ್ಮ ಕೆಲಸ ಇನ್ನೂ ಮುಗಿದಿಲ್ಲ. ಸಮಿತಿ ನಿನ್ನೆ ಸಂಜೆಯೇ ತೀರ್ಮಾನಿಸಿತು, ನಾನೂ ಕೈಯೆತ್ತಿದೆ. ರೈಲಿನ ಆಚೆಗೆ ಹಲಗೆ ಉದ್ದ ಮಾಡುತ್ತಿದ್ದೇವೆ. ಕಾರ್ಖಾನೆ, ಬೇಕರಿ, ಮಸೀದಿ, ಇಫ್ರಾಳ ಕೇರಿ, ಎಲ್ಲ ಬೇಕು. ನನ್ನ ತಮ್ಮನನ್ನು ಒಂದು ತಿಂಗಳು ಇಲ್ಲೇ ಇಟ್ಟುಕೊಳ್ಳುತ್ತೇನೆ. ಮನೆ ಮನೆಗೆ ಹೋಗಿ ಅಳತೆ ತೆಗೆಯಲಿ."

"ಮಸೀದಿ ಉಂಟಂತಾ?" ಎಂದರು ಸಲಾಂ ಕಾಕ. "ಮಸೀದಿ ನಾನೇ ಮಾಡ್ತೇನೆ. ನೀವು ಯಾರೂ ಮುಟ್ಬೇಡಿ." ಕತ್ತರಿ ಹಿಡಿಯದೆ ಅವರಿಗೆ ಹತ್ತು ವರ್ಷವಾಗಿತ್ತು.

ನವೆಂಬರ್ ಹೊತ್ತಿಗೆ ಥಿಯೋಡೋರ್ ಕತಾರಿಗೆ ಮರಳಿದ. ಪೇಟೆ ತುಂಬ ಗೇಮ್ಸಿನ ಬಾವುಟಗಳು. ಮುಂದಿನ ವರ್ಷ ಕೆಲಸದ ಕರಾರು ಮುಗಿದ ಮೇಲೆ ಅಕ್ಕನ ಮನೆಯ ಮಹಡಿಗೆ ಹೋಗಿ ಇರುವುದೆಂದು ಅವನು ನಿಶ್ಚಯಿಸಿದ್ದ. ಅಡುಗೆ ಮಾತ್ರ ಬೇರೆ ಬೇರೆ, ಇಲ್ಲದಿದ್ದರೆ ಕೊಲೆಯಾ­ದೀತು ಎಂದು ನಕ್ಕ. ವರ್ಕ್‌ಶಾಪಿನ ಮೇಜಿನ ಮೇಲೆ ಅವನು ಇಫ್ರಾಳ ಕೇರಿಯ ಫೋಟೋಗಳನ್ನು ಹರಡಿದ. ಉದ್ದನೆಯ, ತಗಡಿನ, ಡಬ್ಬಿಯಂಥ ಮನೆಗಳು.

ಆನ್ಸೆಲ್ಮ್ ಕನ್ನಡಕ ಏರಿಸಿ ನೋಡಿದರು. "ಇವಕ್ಕೂ ಉರುಳೆ ಹಾಕುದಾ?"

"ಬೇಡ" ಎಂದ ಥಿಯೋಡೋರ್. "ಲಾರಿಗೆ ಕಟ್ಟಿ ತಂದ ಮನೆಗಳು ಇವು. ಚಕ್ರ ಮೊದಲೇ ಇದೆ."

ನಿಶ್ಮಿತಾ ಮೊದಲ ಮನೆಯನ್ನು ಕತ್ತರಿಸಿ, ಮಡಚಿ, ಅಂಟಿಸಿ ಮೇಜಿನ ಮೇಲಿಟ್ಟಳು. "ಬಣ್ಣ ಯಾವುದು ಸರ್? ಎಲ್ಲ ಬಿಳಿಯಾ?"

"ಒಂದೂ ಬಿಳಿಯಲ್ಲ. ಒಬ್ಬೊಬ್ಬರದ್ದು ಒಂದೊಂದು. ಇಫ್ರಾಳದ್ದು ಹಳದಿ, ಬಾಗಿಲು ನೀಲಿ. ಮೊನ್ನೆ ತಾನೇ ಹೊಡೆದದ್ದು."

ಅವನು ಸ್ಟೂಲು ಎಳೆದುಕೊಂಡು ಕುಳಿತು, ಶರ್ಟಿನ ತೋಳು ಮಡಚಿ, ಆನ್ಸೆಲ್ಮರ ಕೈಯಿಂದ ಸಣ್ಣ ಕುಂಚವೊಂದನ್ನು ಕೇಳಿ ಪಡೆದ.